ಮೂರು ತಲೆಮಾರಿನ ಕುಟುಂಬಕ್ಕೆ ಕಡಲತೀರದ ರಿಸಾರ್ಟ್ ಆರಿಸುವ ಬಗೆ

ಐದು ವರ್ಷಗಳ ಹಿಂದೆ, ನನ್ನ ತಾಯಿಗೆ ಎಪ್ಪತ್ತೈದು ತುಂಬಿದ ನೆಪದಲ್ಲಿ, ನಾವು ಹನ್ನೊಂದು ಮಂದಿ ಗೋಕರ್ಣದ ಸಮೀಪದ ಒಂದು ರಿಸಾರ್ಟಿನಲ್ಲಿ ಮೂರು ರಾತ್ರಿ ತಂಗಿದ್ದೆವು. ಗುಡ್ಡದ ಇಳಿಜಾರು, ಗೇರುಮರಗಳ ನಡುವೆ ಹೆಂಚಿನ ಕಾಟೇಜುಗಳು, ಕೆಳಗೆ ಕಡಲು, ಎಲ್ಲವೂ ಚಿತ್ರಗಳಲ್ಲಿ ನೋಡಿದಂತೆಯೇ ಇದ್ದವು. ಚಿತ್ರಗಳಲ್ಲಿ ಇಲ್ಲದಿದ್ದದ್ದು ಕಾಟೇಜಿನಿಂದ ಮರಳಿಗೆ ಇಳಿಯುವ ಅರವತ್ತನಾಲ್ಕು ಚಿರೆಕಲ್ಲಿನ ಮೆಟ್ಟಿಲುಗಳು. ಮೊದಲ ಸಂಜೆ ಅಮ್ಮ ಇಬ್ಬರ ಹೆಗಲು ಹಿಡಿದು ಇಳಿದರು. ಹತ್ತುವಾಗ ನಾಲ್ಕು ಕಡೆ ಕುಳಿತರು. ಮರುದಿನದಿಂದ "ನೀವು ಹೋಗಿಬನ್ನಿ, ನನಗೆ ಇಲ್ಲಿಂದಲೇ ಚೆನ್ನಾಗಿ ಕಾಣುತ್ತದೆ" ಎಂದು ಜಗಲಿಯ ಬೆತ್ತದ ಕುರ್ಚಿಯಲ್ಲಿಯೇ ಉಳಿದುಬಿಟ್ಟರು. ಮೊಮ್ಮಗ ನೀರಿನ ಬಾಟಲಿಯಲ್ಲಿ ತುಂಬಿಕೊಂಡು ತಂದುಕೊಟ್ಟ ಚಿಪ್ಪುಗಳನ್ನು ಸೆರಗಿನ ಮೇಲೆ ಹರಡಿಕೊಂಡು, ಬಣ್ಣ ನೋಡಿ ಬೇರೆ ಬೇರೆ ಮಾಡುತ್ತಾ ಆ ಮೂರು ದಿನ ಕಳೆದರು. ಯಾರ ಸಲುವಾಗಿ ಹೊರಟಿದ್ದೆವೋ ಅವರೇ ಮರಳು ಮುಟ್ಟಿದ್ದು ಒಂದೇ ಸಂಜೆ.

ಆ ಪ್ರವಾಸದ ಬಳಿಕ ನಮ್ಮ ಕುಟುಂಬಕ್ಕೂ ಕೇಳಿದ ನೆಂಟರಿಗೂ ಉಡುಪಿಯಿಂದ ಕಾರವಾರದವರೆಗೆ ಹಲವು ರಿಸಾರ್ಟುಗಳನ್ನು ನಾನೇ ವಿಚಾರಿಸಿ ಗೊತ್ತುಮಾಡಿದ್ದೇನೆ. ಈಗ ನಾನು ಮೊದಲು ಕೇಳುವುದು ಕಡಲು ಎಷ್ಟು ಚೆಂದ ಕಾಣುತ್ತದೆ ಎಂಬುದನ್ನಲ್ಲ. ಮನೆಯ ಅತಿ ಹಿರಿಯ ಜೀವ ಯಾರ ಕೈಯನ್ನೂ ಹಿಡಿಯದೆ ಕೋಣೆಯಿಂದ ಮರಳಿನವರೆಗೆ ಹೋಗಿ, ಬೇಕೆನಿಸಿದಾಗ ಒಬ್ಬರೇ ಹಿಂದಿರುಗಿ ಬರಬಹುದೇ ಎಂಬುದನ್ನು. ಈ ಪ್ರಶ್ನೆಗೆ ಹೌದು ಎನ್ನುವ ಜಾಗ ಎರಡು ವರ್ಷದ ಮಗುವಿಗೂ, ಮಗುವನ್ನು ಎತ್ತಿಕೊಂಡು ಓಡಾಡುವ ತಾಯಿಗೂ ಸಾಮಾನ್ಯವಾಗಿ ಒಗ್ಗುತ್ತದೆ.

ಹುಡುಕಾಟಕ್ಕೆ ಕೂರುವ ಮೊದಲು ಒಂದು ಹಾಳೆಯಲ್ಲಿ ಬರುವವರ ಹೆಸರು, ವಯಸ್ಸು, ಮತ್ತು ಪ್ರತಿಯೊಬ್ಬರ ಮುಂದೆ ಅವರಿಗೆ ಆಗದ ಇಲ್ಲವೇ ಬೇಕೇ ಬೇಕಾದ ಒಂದು ಸಂಗತಿಯನ್ನು ಬರೆಯಿರಿ. ಅಜ್ಜನಿಗೆ ಇನ್ಸುಲಿನ್ ಬೇಕು, ಅತ್ತೆಗೆ ಈರುಳ್ಳಿ ಬೆಳ್ಳುಳ್ಳಿ ಆಗದು, ಚಿಕ್ಕಮ್ಮನಿಗೆ ನೆಲಮಟ್ಟದ ಕಕ್ಕಸಿನಲ್ಲಿ ಕೂರಲಾಗದು, ಮಗುವಿಗೆ ಮಧ್ಯಾಹ್ನ ಎರಡು ತಾಸು ನಿದ್ದೆ ಬೇಕೇ ಬೇಕು. ಇಂಥ ಸಂಗತಿಗಳನ್ನು ಹಿರಿಯರು ತಾವಾಗಿ ಹೇಳುವುದಿಲ್ಲ, ಹೇಳಿದರೆ ಮಕ್ಕಳ ಖುಷಿಗೆ ಅಡ್ಡಿಯಾದೀತೆಂಬ ಸಂಕೋಚ ಅವರಿಗೆ. ಆದುದರಿಂದ "ನಿಮಗೆ ಎಲ್ಲಿ ಆದರೂ ಸರಿಯೇ?" ಎಂದು ಕೇಳಬೇಡಿ, "ಬಚ್ಚಲಿನಲ್ಲಿ ಹಿಡಿದುಕೊಳ್ಳಲು ಕಂಬಿ ಬೇಕೇ, ರಾತ್ರಿ ಎಷ್ಟು ಸಲ ಏಳುತ್ತೀರಿ?" ಎಂದು ಕೇಳಿ.

ಎಲ್ಲಿಗೆ ಹೋಗುವುದು

ಕರ್ನಾಟಕದ ಕರಾವಳಿ ಸುಮಾರು 320 ಕಿಲೋಮೀಟರ್ ಉದ್ದವಿದ್ದರೂ, ಮೂರು ತಲೆಮಾರು ಜೊತೆಯಾಗಿ ಹೋಗುವಾಗ ಎಲ್ಲ ಕಡೆಯೂ ಒಂದೇ ಅಲ್ಲ. ಗೋಕರ್ಣದ ಕುಡ್ಲೆ ಮತ್ತು ಓಂ ಕಡಲತೀರಗಳಿಗೆ ಮೆಟ್ಟಿಲು ಅಥವಾ ಇಳಿಜಾರು ದಾರಿಯಲ್ಲಿ ನಡೆದೇ ಇಳಿಯಬೇಕು. ಹಾಫ್ ಮೂನ್ ಮತ್ತು ಪ್ಯಾರಡೈಸ್ ತೀರಗಳಿಗಂತೂ ಗುಡ್ಡ ಹತ್ತಿಳಿಯಬೇಕು ಇಲ್ಲವೇ ದೋಣಿ ಹಿಡಿಯಬೇಕು. ಯುವಕರಿಗೆ ಅದೇ ಅವುಗಳ ಆಕರ್ಷಣೆ, ಮಂಡಿನೋವಿನವರಿಗೆ ಅದೇ ಅಡ್ಡಿ. ಗೋಕರ್ಣವೇ ಆಗಬೇಕು, ಮಹಾಬಲೇಶ್ವರನ ದರ್ಶನ ಹಿರಿಯರ ಬಹುದಿನದ ಆಸೆ ಎಂದಾದರೆ, ಊರಿನ ಸಪಾಟಾದ ಮುಖ್ಯ ಕಡಲತೀರದ ಕಡೆ ಉಳಿದುಕೊಂಡು ಕಿರಿಯರು ಬೇರೆ ತೀರಗಳಿಗೆ ಹೋಗಿಬರುವುದು ಲೇಸು.

ಉಡುಪಿ ಸೀಮೆಯನ್ನು ನಾನು ಮೊದಲ ಸಲ ಹೋಗುವವರಿಗೆ ಹೆಚ್ಚು ಸೂಚಿಸುತ್ತೇನೆ. ಮಲ್ಪೆ, ಕಾಪು, ಪಡುಬಿದ್ರಿ ಎಲ್ಲವೂ ರಾಷ್ಟ್ರೀಯ ಹೆದ್ದಾರಿ 66ಕ್ಕೆ ಹತ್ತಿರವಿವೆ, ಕೃಷ್ಣಮಠ ಸಮೀಪವಿದೆ, ಮಣಿಪಾಲದ ಕಸ್ತೂರಬಾ ಆಸ್ಪತ್ರೆ ಮಲ್ಪೆಯಿಂದ ಹತ್ತು ಹನ್ನೆರಡು ಕಿಲೋಮೀಟರ್ ದೂರದಲ್ಲಿದೆ. ಮಲ್ಪೆಯ ಮರಳು ವಿಶಾಲವಾಗಿದ್ದರೂ ಶನಿವಾರ ಭಾನುವಾರ ಜನಸಂದಣಿ ಹೆಚ್ಚು. ಕಾಪುವಿನಲ್ಲಿ 1901ರ ದೀಪಸ್ತಂಭ ನಿಂತಿರುವ ಬಂಡೆಯ ಸುತ್ತ ಅಲೆಗಳ ಹೊಡೆತ ಜೋರಾಗಿರುವುದರಿಂದ ಮಕ್ಕಳ ಕೈ ಬಿಡುವಂತಿಲ್ಲ. ಪಡುಬಿದ್ರಿಯ ಕಡಲತೀರಕ್ಕೆ, ಹೊನ್ನಾವರದ ಕಾಸರಕೋಡಿನ ತೀರದೊಂದಿಗೆ, 2020ರಲ್ಲಿ ಬ್ಲೂ ಫ್ಲ್ಯಾಗ್ ಮಾನ್ಯತೆ ದೊರೆಯಿತು. ಈ ಮಾನ್ಯತೆಗೆ ನೀರಿನ ಶುಚಿತ್ವದ ಪರೀಕ್ಷೆ, ಜೀವರಕ್ಷಕರು, ಶುಚಿಯಾದ ಶೌಚಾಲಯ, ನಡೆಯಲಾರದವರಿಗೂ ದಾರಿ ಮುಂತಾದ 33 ಮಾನದಂಡಗಳಿರುವುದರಿಂದ, ಹಿರಿಯರಿರುವ ಕುಟುಂಬಕ್ಕೆ ಅದು ಹೆಸರಿಗಷ್ಟೇ ಉಳಿಯುವ ಬಿರುದಲ್ಲ. ಮಾನ್ಯತೆಯನ್ನು ವರ್ಷ ವರ್ಷ ನವೀಕರಿಸುತ್ತಾರೆ, ಹೋಗುವ ವರ್ಷ ಅದು ಉಳಿದಿದೆಯೇ ಎಂದು ಕೇಳಿಕೊಳ್ಳಿ. ಕಾಸರಕೋಡಿನಲ್ಲಿ ತಂಗಿದರೆ ಶರಾವತಿಯ ಕಾಂಡ್ಲಾ (ಮ್ಯಾಂಗ್ರೋವ್) ಕಾಡಿನ ನಡುವೆ ಹಲಗೆಯ ಕಾಲುದಾರಿಯಲ್ಲಿ ನಿಧಾನವಾಗಿ ನಡೆದು ಬರಬಹುದು. ಅಲೆಗೆ ಹೆದರುವ ಅಜ್ಜಿಯರಿಗೆ ಅದು ಬಹಳ ಹಿಡಿಸುತ್ತದೆ.

ಮುರುಡೇಶ್ವರದಲ್ಲಿ ದೇವಸ್ಥಾನ ಮತ್ತು ಕಡಲು ಒಂದೇ ಕಡೆ ಇರುವುದು ದೊಡ್ಡ ಅನುಕೂಲ. ಇಪ್ಪತ್ತು ಅಂತಸ್ತಿನ ರಾಜಗೋಪುರದಲ್ಲಿ ಲಿಫ್ಟ್ ಇರುವುದರಿಂದ ಮೆಟ್ಟಿಲು ಹತ್ತಲಾರದವರೂ ಮೇಲಿನಿಂದ 123 ಅಡಿಯ ಶಿವನ ಮೂರ್ತಿಯನ್ನೂ ಸಮುದ್ರವನ್ನೂ ನೋಡಬಹುದು. ಮರವಂತೆ ನೋಡಲು ಅಪೂರ್ವ, ಒಂದು ಬದಿ ಸಮುದ್ರ, ಇನ್ನೊಂದು ಬದಿ ಸೌಪರ್ಣಿಕಾ, ನಡುವೆ ಹೆದ್ದಾರಿ. ಆ ಹೆದ್ದಾರಿಯೇ ಚಿಕ್ಕ ಮಕ್ಕಳಿರುವವರ ಚಿಂತೆ, ಏಕೆಂದರೆ ನದಿಯ ಬದಿ ಉಳಿದವರು ಮರಳಿಗೆ ಹೋಗಲು ಲಾರಿಗಳ ನಡುವೆ ರಸ್ತೆ ದಾಟಬೇಕಾಗುತ್ತದೆ.

ಕೋಣೆಯಿಂದ ಮರಳಿನವರೆಗೆ

ರಿಸಾರ್ಟುಗಳ ಪ್ರಚಾರದಲ್ಲಿ "ಬೀಚ್ ಫ್ರಂಟ್", "ಸೀ ವ್ಯೂ", "ಬೀಚ್ ಆಕ್ಸೆಸ್" ಎಂಬ ಮೂರು ಮಾತುಗಳು ಬರುತ್ತವೆ, ಮೂರರ ಅರ್ಥವೂ ಬೇರೆ. ಕಡಲತೀರಕ್ಕೇ ಹೊಂದಿಕೊಂಡಿದ್ದರೆ ಬೀಚ್ ಫ್ರಂಟ್. ಕಡಲು ಕಂಡರೆ ಸಾಕು, ಅದು ಸೀ ವ್ಯೂ. ಕಾಲುದಾರಿಯಲ್ಲಿ ಅರ್ಧ ಕಿಲೋಮೀಟರ್ ನಡೆದರೂ ಬೀಚ್ ಆಕ್ಸೆಸ್. ಕರಾವಳಿ ನಿಯಂತ್ರಣ ವಲಯದ ನಿಯಮಗಳ ಪ್ರಕಾರ ಹಳ್ಳಿಗಾಡಿನ ಬಹಳಷ್ಟು ಭಾಗದಲ್ಲಿ ಉಬ್ಬರದ ಗೆರೆಯಿಂದ 200 ಮೀಟರ್ ಒಳಗೆ ಹೊಸ ಕಟ್ಟಡಕ್ಕೆ ನಿರ್ಬಂಧವಿರುವುದರಿಂದ, ನಿಯಮ ಪಾಲಿಸಿದ ಒಳ್ಳೆಯ ರಿಸಾರ್ಟ್ ಸ್ವಲ್ಪ ಹಿಂದೆಯೇ ಇರುತ್ತದೆ, ಅದು ದೋಷವಲ್ಲ. ಆ ಇನ್ನೂರು ಮೀಟರಿನಲ್ಲಿ ಏನಿದೆ ಎಂಬುದು ಮುಖ್ಯ.

ಇದನ್ನು ಮನೆಯಲ್ಲಿ ಕುಳಿತೇ ನೋಡಬಹುದು. ಗೂಗಲ್ ಮ್ಯಾಪಿನಲ್ಲಿ ಉಪಗ್ರಹ ಚಿತ್ರ ತೆರೆದು, ರಿಸಾರ್ಟಿನ ಛಾವಣಿಯಿಂದ ಮರಳಿನ ಗೆರೆಯವರೆಗೆ ಅಳತೆ ಹಾಕಿ. ನಡುವೆ ಡಾಂಬರು ರಸ್ತೆ ಹಾದುಹೋಗಿದೆಯೇ, ತೋಡು ಅಥವಾ ಹೊಳೆ ಇದೆಯೇ, ಮೀನುಗಾರರ ದೋಣಿ ಎಳೆಯುವ ಜಾಗವಿದೆಯೇ ನೋಡಿ. ಕಡಲ್ಕೊರೆತ ತಡೆಯಲು ಹಾಕಿದ ಬಂಡೆಗಲ್ಲುಗಳ ಸಾಲು ಚಿತ್ರದಲ್ಲಿ ಬೂದುಬಣ್ಣದ ದಪ್ಪ ಗೆರೆಯಾಗಿ ಕಾಣುತ್ತದೆ. ಅಂಥ ಕಲ್ಲುಗಳ ಹಿಂದಿನ ರಿಸಾರ್ಟಿಗೆ ಕಡಲು ಎಷ್ಟೇ ಹತ್ತಿರವಿದ್ದರೂ, ಅಜ್ಜನ ಕಾಲಿಗೆ ಅಲೆ ತಾಗುವುದಿಲ್ಲ. ಆರು ವರ್ಷದ ಮಕ್ಕಳು ಮಾತ್ರ ಕಲ್ಲಿನಿಂದ ಕಲ್ಲಿಗೆ ನೆಗೆಯಲು ಹೊರಟು ಎಲ್ಲರ ಎದೆ ಝಲ್ಲೆನಿಸುತ್ತಾರೆ. ಅತಿಥಿಗಳು ಹಾಕಿದ ಫೋಟೊಗಳನ್ನು, ಅದರಲ್ಲಿಯೂ ಮಳೆಗಾಲದ ಬಳಿಕದವನ್ನು, ರಿಸಾರ್ಟಿನವರ ಫೋಟೊಗಳಿಗಿಂತ ಹೆಚ್ಚು ನಂಬಿ, ಏಕೆಂದರೆ ಮಳೆಗಾಲ ಕಳೆದ ಮೇಲೆ ಮರಳಿನ ಅಂಚು ಬದಲಾಗಿರುತ್ತದೆ.

ಆಮೇಲೆ ಫೋನ್ ಮಾಡಿ. ಬುಕಿಂಗ್ ವಿಭಾಗಕ್ಕಿಂತ ಸ್ಥಳದಲ್ಲಿರುವ ವ್ಯವಸ್ಥಾಪಕರನ್ನೋ ರಿಸೆಪ್ಶನ್‌ನಲ್ಲಿ ಕೂತವರನ್ನೋ ಮಾತನಾಡಿಸುವುದು ಒಳ್ಳೆಯದು. "ಹಿರಿಯರಿಗೆ ಅನುಕೂಲವಿದೆಯೇ?" ಎಂದರೆ ಎಲ್ಲರೂ ಇದೆ ಎನ್ನುತ್ತಾರೆ, ಎಣಿಸಿ ಹೇಳಬೇಕಾದ ಪ್ರಶ್ನೆಯನ್ನೇ ಕೇಳಬೇಕು. ಕಾರು ನಿಲ್ಲುವ ಜಾಗದಿಂದ ಕೋಣೆಯ ಬಾಗಿಲಿಗೆ ಎಷ್ಟು ಮೆಟ್ಟಿಲು? ಕೋಣೆಯಿಂದ ಊಟದ ಮನೆಗೆ ಎಷ್ಟು? ಮರಳಿಗೆ ಎಷ್ಟು? ದಾರಿ ಸಿಮೆಂಟಿನದೋ, ಜಲ್ಲಿಯದೋ, ಕಲ್ಲು ಹಾಸಿದ್ದೋ? ಜಲ್ಲಿಯ ಮೇಲೆ ವಾಕರ್ ಉರುಳುವುದಿಲ್ಲ. ಗಾಲಿಕುರ್ಚಿ ಬಳಸುವವರಿದ್ದರೆ ಇಳಿಜಾರಿನ ದಾರಿ ಒಂದು ಅಡಿ ಎತ್ತರಕ್ಕೆ ಹನ್ನೆರಡು ಅಡಿ ಉದ್ದ ಇರಬೇಕು, ಬಾಗಿಲು ಮೂರಡಿ ಅಗಲವಿರಬೇಕು. ಒಮ್ಮೆ ಕಾಪುವಿನ ಕಡೆಯ ರಿಸಾರ್ಟೊಂದರಲ್ಲಿ ಫೋನ್ ಎತ್ತಿದ ಹುಡುಗ "ಒಂದು ನಿಮಿಷ ಸರ್" ಎಂದು ಫೋನ್ ಹಿಡಿದುಕೊಂಡೇ ಹೊರಟು, ಹೆಜ್ಜೆ ಹಾಕುತ್ತಾ ಮೆಟ್ಟಿಲು ಎಣಿಸಿ ಹೇಳಿದ. ಅದೇ ದಿನ ಆ ಜಾಗ ಗೊತ್ತುಮಾಡಿದೆ, ಪಶ್ಚಾತ್ತಾಪವಾಗಲಿಲ್ಲ. ಕೋಣೆ, ದಾರಿ, ಬಚ್ಚಲುಮನೆಯ ಒಂದು ವಿಡಿಯೊವನ್ನು ವಾಟ್ಸಾಪ್‌ನಲ್ಲಿ ಕಳುಹಿಸಿ ಎಂದು ಕೇಳಲು ಸಂಕೋಚ ಪಡಬೇಡಿ.

ಕೋಣೆಗಳು ಒಂದಕ್ಕೊಂದು ಅಂಟಿಕೊಂಡಿರಲಿ, ಹಿರಿಯರದು ನೆಲಮಹಡಿಯಲ್ಲಿರಲಿ ಎಂದು ಬರಹದಲ್ಲಿಯೇ ಪಡೆಯಿರಿ. ಬೇರೆ ಬೇರೆ ಕಡೆ ಚದುರಿದ ಕಾಟೇಜುಗಳು ನವದಂಪತಿಗಳಿಗೆ ಸರಿ. ರಾತ್ರಿ ಎರಡಕ್ಕೆ ಅಮ್ಮನಿಗೆ ಉಸಿರು ಕಟ್ಟಿದಂತಾದರೆ ಮಗ ಪಕ್ಕದ ಬಾಗಿಲಿನಲ್ಲಿರಬೇಕು. ಎಲ್ಲ ಕೋಣೆಗಳಿಗೂ ಸೇರಿ ಒಂದು ದೊಡ್ಡ ಜಗಲಿ ಅಥವಾ ವರಾಂಡ ಇದ್ದರೆ ಅದಕ್ಕಾಗಿ ಸ್ವಲ್ಪ ಹೆಚ್ಚು ಹಣ ಕೊಡಬಹುದು, ಏಕೆಂದರೆ ಇಂಥ ಪ್ರವಾಸದಲ್ಲಿ ಎಲ್ಲರೂ ಕೂಡುವುದು ಕೋಣೆಯಲ್ಲಲ್ಲ, ಜಗಲಿಯಲ್ಲಿ. ನಮ್ಮ ಕಡಲು ಪಡುವಣದ್ದಾದ್ದರಿಂದ ಕಡಲಿಗೆ ಮುಖಮಾಡಿದ ಕೋಣೆಗೆ ಮಧ್ಯಾಹ್ನ ಎರಡರ ಮೇಲೆ ಬಿಸಿಲು ನೇರವಾಗಿ ಹೊಡೆಯುತ್ತದೆ. ಮಗು ಮಲಗುವ ಹೊತ್ತು ಅದೇ. ದಪ್ಪ ಪರದೆ, ಕರೆಂಟು ಹೋದಾಗ ಏಸಿಯನ್ನೂ ನಡೆಸುವ ಜನರೇಟರ್ ಇದೆಯೇ ಎಂದು ಕೇಳಿ.

ಬಚ್ಚಲುಮನೆಯ ಬಗ್ಗೆ ಎರಡು ಮಾತು ಹೆಚ್ಚಾದರೂ ತಪ್ಪಿಲ್ಲ, ಹಿರಿಯರು ಬೀಳುವುದು ಕಡಲಿನಲ್ಲಲ್ಲ, ಅಲ್ಲಿ. ಕಮೋಡ್ ಪಕ್ಕದ ಗೋಡೆಗೆ ಕಂಬಿ, ಜಾರದ ನೆಲ, ಬಾಗಿಲಿನಲ್ಲಿ ಎತ್ತರದ ಹೊಸ್ತಿಲು ಇಲ್ಲದಿರುವುದು, ಸ್ನಾನಕ್ಕೆ ಬಕೆಟ್, ಚೊಂಬು ಮತ್ತು ಪ್ಲಾಸ್ಟಿಕ್ ಸ್ಟೂಲ್, ಇಷ್ಟಿದ್ದರೆ ಸಾಕು. ಬಯಲುಬಚ್ಚಲು ಎಂದು ಛಾವಣಿಯಿಲ್ಲದೆ, ಉರುಟು ಕಲ್ಲು ಹಾಸಿ ಚೆಂದ ಮಾಡಿರುವ ಸ್ನಾನದ ಮನೆಗಳು ಈಗ ಹಲವೆಡೆ ಕಾಣುತ್ತವೆ. ಎಪ್ಪತ್ತು ದಾಟಿದವರಿಗೆ ಅಂಥ ಕೋಣೆಯನ್ನು ಕೊಡಲೇಬಾರದು. ಕಡಲಂಚಿನ ಬಾವಿಗಳಲ್ಲಿ ಬೇಸಿಗೆಗೆ ನೀರು ಉಪ್ಪಾಗುವುದುಂಟು, ಏಪ್ರಿಲ್ ಮೇ ತಿಂಗಳಲ್ಲಿ ಹೋಗುವವರು ಸ್ನಾನದ ನೀರಿನ ವಿಚಾರವನ್ನೂ ಕೇಳಬೇಕು.

ಇನ್ಸುಲಿನ್ ಒಯ್ಯುವವರು ಗಮನಿಸಬೇಕಾದದ್ದು ಒಂದಿದೆ. ಬಳಸಲು ತೆರೆಯದ ಇನ್ಸುಲಿನ್ 2ರಿಂದ 8 ಡಿಗ್ರಿ ಸೆಲ್ಸಿಯಸ್‌ನಲ್ಲಿರಬೇಕು. ಕೋಣೆಯಲ್ಲಿ ಚಿಕ್ಕ ಫ್ರಿಜ್ ಇದ್ದರೂ, ಬಾಗಿಲ ಬಳಿಯ ಕಾರ್ಡ್ ತೆಗೆದು ಹೊರಹೋದ ಕೂಡಲೇ ಕೆಲವು ಕಡೆ ಅದಕ್ಕೂ ವಿದ್ಯುತ್ ನಿಲ್ಲುತ್ತದೆ. ನಮ್ಮ ಮಾವನವರ ಔಷಧಿ ಹೀಗೆಯೇ ಒಂದು ಹಗಲು ಬಿಸಿಯಲ್ಲಿ ಕಳೆದು, ಸಂಜೆ ಉಡುಪಿಯವರೆಗೆ ಹೋಗಿ ಹೊಸದು ತರಬೇಕಾಯಿತು. ಅಡುಗೆಮನೆಯ ಫ್ರಿಜ್‌ನಲ್ಲಿ ಹೆಸರು ಬರೆದ ಡಬ್ಬಿಯಲ್ಲಿ ಇಡಿಸುವುದೇ ಖಚಿತ.

ನೀರಿನ ವಿಚಾರ

ಕಡಲಿನ ಬಗ್ಗೆ ಒಳನಾಡಿನವರಿಗೆ ಭಯವೂ ಅರ್ಧ, ಧೈರ್ಯವೂ ಅರ್ಧ. ಎರಡೂ ಅರ್ಧವಾಗಿರುವುದೇ ಅಪಾಯ. 2024ರ ಡಿಸೆಂಬರಿನಲ್ಲಿ ಶಾಲಾ ಪ್ರವಾಸಕ್ಕೆ ಬಂದಿದ್ದ ಕೋಲಾರ ಜಿಲ್ಲೆಯ ನಾಲ್ವರು ಬಾಲಕಿಯರು ಮುರುಡೇಶ್ವರದಲ್ಲಿ ನೀರುಪಾಲಾದದ್ದನ್ನು ಯಾರೂ ಮರೆಯಬಾರದು. ದಡಕ್ಕೆ ಬಂದ ನೀರು ಹಿಂದಿರುಗುವಾಗ ಕೆಲವೆಡೆ ಕಿರಿದಾದ ಜಾಡು ಹಿಡಿದು ವೇಗವಾಗಿ ಒಳಕ್ಕೆ ಎಳೆಯುತ್ತದೆ. ಎರಡು ಕಡೆ ಬಿಳಿ ನೊರೆಯ ಅಲೆ ಒಡೆಯುತ್ತಿದ್ದು, ನಡುವೆ ಮಾತ್ರ ನೀರು ಶಾಂತವಾಗಿ, ಸ್ವಲ್ಪ ಕಪ್ಪಾಗಿ ಕಂಡರೆ ಅದೇ ಸೆಳೆತದ ಜಾಗ. ಮಕ್ಕಳಿಗೆ ಆಡಲು ಪ್ರಶಸ್ತವೆಂದು ಹೊಸಬರು ಆರಿಸುವುದೂ ಅದನ್ನೇ. ಸೆಳೆತಕ್ಕೆ ಸಿಕ್ಕವರು ದಡದ ಕಡೆಗೆ ನೇರವಾಗಿ ಈಜಿ ದಣಿಯದೆ, ದಡಕ್ಕೆ ಸಮಾನಾಂತರವಾಗಿ ಬದಿಗೆ ಸರಿದು ಹೊರಬರಬೇಕು. ನದಿ ಸಮುದ್ರ ಸೇರುವ ಅಳಿವೆಯ ಬಳಿ ನೀರಿಗಿಳಿಯಲೇಬಾರದು.

ಆದ್ದರಿಂದ ರಿಸಾರ್ಟಿನವರನ್ನು ಕೇಳಿ: ಎದುರಿನ ತೀರದಲ್ಲಿ ಜೀವರಕ್ಷಕರು ಇದ್ದಾರೆಯೇ, ಎಷ್ಟು ಗಂಟೆಯವರೆಗೆ? ಉಬ್ಬರ ಇಳಿತದ ಹೊತ್ತನ್ನು ಅತಿಥಿಗಳಿಗೆ ಹೇಳುತ್ತಾರೆಯೇ? ದಿನಕ್ಕೆ ಎರಡು ಉಬ್ಬರ, ಎರಡು ಇಳಿತ, ಪ್ರತಿದಿನ ಸುಮಾರು ಐವತ್ತು ನಿಮಿಷ ತಡವಾಗಿ ಬರುತ್ತವೆ. ಇಳಿತದ ವೇಳೆ ವಿಶಾಲವಾಗಿದ್ದ ಮರಳು ಉಬ್ಬರದಲ್ಲಿ ಇಲ್ಲವೇ ಇಲ್ಲ ಎನ್ನುವಂತಾಗಬಹುದು. ಯಾವ ಹೊತ್ತಿಗೆ ಎಲ್ಲಿ ಇಳಿಯಬಹುದೆಂದು ಆ ಊರಿನ ಮೀನುಗಾರರನ್ನು ಕೇಳಿದರೆ ತಪ್ಪು ಹೇಳುವುದಿಲ್ಲ. ರಿಸಾರ್ಟಿನಲ್ಲಿ ಈಜುಕೊಳವಿದ್ದರೆ ಮಕ್ಕಳ ಕೊಳ ಬೇರೆಯಾಗಿ, ಎರಡಡಿ ಒಳಗಿನ ಆಳದ್ದಾಗಿ, ಕೋಣೆಯ ಬಾಗಿಲು ನೇರವಾಗಿ ಕೊಳಕ್ಕೆ ತೆರೆಯದಂತೆ ಇರಬೇಕು.

ಕಾಲ, ದಾರಿ, ಆಸ್ಪತ್ರೆ

ನವೆಂಬರ್ ನಡುವಿನಿಂದ ಫೆಬ್ರವರಿ ಕೊನೆಯವರೆಗೆ ಹೋಗುವುದು ಎಲ್ಲ ವಯಸ್ಸಿನವರಿಗೂ ಹಿತ. ಮಾರ್ಚಿನಿಂದ ಸೆಕೆ ಏರುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಕಡಲಿಗೆ ಇಳಿಯುವಂತಿಲ್ಲ, ಮಲ್ಪೆಯಿಂದ ಸೇಂಟ್ ಮೇರೀಸ್ ದ್ವೀಪಕ್ಕೆ ದೋಣಿಗಳೂ ಇರುವುದಿಲ್ಲ. ಮಳೆಯನ್ನು ನೋಡುತ್ತಾ ಕೂರಲು ಹೋಗುವವರಿಗೆ ಮಾತ್ರ ಆ ಕಾಲ. ಕ್ರಿಸ್‌ಮಸ್ ವಾರ, ಗೋಕರ್ಣದಲ್ಲಿ ಶಿವರಾತ್ರಿ, ಉಡುಪಿಯಲ್ಲಿ ಎರಡು ವರ್ಷಕ್ಕೊಮ್ಮೆ ಜನವರಿ 18ರಂದು ಬರುವ ಪರ್ಯಾಯ, ಈ ದಿನಗಳಲ್ಲಿ ದರ್ಶನವೂ ಕಷ್ಟ, ಕೋಣೆಯೂ ಕಷ್ಟ.

ಬೆಂಗಳೂರಿನಿಂದ ಉಡುಪಿಗೆ ಸುಮಾರು 400 ಕಿಲೋಮೀಟರ್. ಆಗುಂಬೆಯ ಹದಿನಾಲ್ಕು ತಿರುವುಗಳಲ್ಲಿ ಅರ್ಧ ಮನೆಯವರು ವಾಂತಿ ಮಾಡಿಕೊಂಡು ಮೊದಲ ದಿನವೇ ಮಲಗಿಬಿಡುವುದಕ್ಕಿಂತ, ಕಾರವಾರಕ್ಕೆ ಹೋಗುವ ರಾತ್ರಿಯ ಪಂಚಗಂಗಾ ಎಕ್ಸ್‌ಪ್ರೆಸ್ ಲೇಸೆಂದು ನನ್ನ ಅನುಭವ. ಟಿಕೆಟ್ ಮಾಡಿಸುವಾಗ 60 ದಾಟಿದ ಗಂಡಸರಿಗೂ 45 ದಾಟಿದ ಹೆಂಗಸರಿಗೂ ಕೆಳಗಿನ ಬರ್ತಿನ ಕೋಟಾ ಇದೆ. ಅದಕ್ಕೆ ಅವರ ಟಿಕೆಟನ್ನು, ಇಬ್ಬರಿಗೆ ಮೀರದಂತೆ, ಬೇರೆಯಾಗಿ ಮಾಡಿಸಬೇಕು. ರೈಲು ಉಡುಪಿಯನ್ನು ನಸುಕಿನಲ್ಲಿಯೇ ಮುಟ್ಟುತ್ತದೆ, ರಿಸಾರ್ಟಿನ ಕೋಣೆ ಸಿಗುವುದು ಮಧ್ಯಾಹ್ನ. ಹಿರಿಯರಿಗಾಗಿ ಒಂದು ಕೋಣೆಯನ್ನಾದರೂ ಬೆಳಗಿನಿಂದಲೇ ಕೊಡುವಂತೆ ಮೊದಲೇ ಒಪ್ಪಿಸಿ, ಬೇಕಾದರೆ ಅರ್ಧ ದಿನದ ಬಾಡಿಗೆ ಹೆಚ್ಚು ಕೊಡಿ. ಗೋಕರ್ಣ ರೋಡ್ ನಿಲ್ದಾಣ ಊರಿನಿಂದ ಸುಮಾರು ಹತ್ತು ಕಿಲೋಮೀಟರ್ ದೂರವಿದೆ, ವಾಹನವನ್ನು ಮೊದಲೇ ಹೇಳಿಟ್ಟಿರಬೇಕು.

ಹೃದ್ರೋಗವೋ ಉಬ್ಬಸವೋ ಇರುವವರು ಜೊತೆಗಿದ್ದರೆ ಆಸ್ಪತ್ರೆಯ ದೂರವೇ ಜಾಗವನ್ನು ತೀರ್ಮಾನಿಸಲಿ. ಉತ್ತರ ಕನ್ನಡದ ಜನ ಬಹುಕಾಲದಿಂದ ಸೂಪರ್ ಸ್ಪೆಷಾಲಿಟಿ ಆಸ್ಪತ್ರೆಗಾಗಿ ಹೋರಾಡುತ್ತಾ ಬಂದಿದ್ದಾರೆ. ಗಂಭೀರ ಸ್ಥಿತಿಯಲ್ಲಿ ಅಲ್ಲಿನವರೇ ಮಣಿಪಾಲ, ಮಂಗಳೂರು ಅಥವಾ ಗೋವಾಕ್ಕೆ ಓಡಬೇಕಾಗುತ್ತದೆ. ಗೋಕರ್ಣದಿಂದ ಮಣಿಪಾಲ ನೂರೈವತ್ತು ಕಿಲೋಮೀಟರಿಗೂ ಹೆಚ್ಚು. ಹಾಗಾಗಿ ಈಚೆಗೆ ಸ್ಟೆಂಟ್ ಹಾಕಿಸಿಕೊಂಡವರಿದ್ದರೆ ನಾನು ಕುಂದಾಪುರದಿಂದ ಉತ್ತರಕ್ಕೆ ಜಾಗ ಹುಡುಕುವುದಿಲ್ಲ.

ಊಟ ಮತ್ತು ಹಣ

ಪ್ಯಾಕೇಜಿನಲ್ಲಿ ತಿಂಡಿ ಎಂಟೂವರೆಗೆ ಎಂದಿದ್ದರೆ, ಐದಕ್ಕೆ ಎದ್ದು ಆರಕ್ಕೆ ಕಾಫಿ ಕುಡಿಯುವ ಅಜ್ಜನ ಪಾಡೇನು ಎಂದು ಕೇಳಿಕೊಳ್ಳಿ. ಕೋಣೆಯಲ್ಲಿ ಕೆಟಲ್ ಇರಲಿ, ಮಗುವಿನ ಹಾಲನ್ನು ಯಾವ ಹೊತ್ತಿಗೂ ಬಿಸಿ ಮಾಡಿಕೊಡುವ ಅಡುಗೆಮನೆ ಇರಲಿ. ಕರಾವಳಿಯ ಕುಚ್ಚಲಕ್ಕಿ ಅನ್ನ ಬಯಲುಸೀಮೆಯ ಹಿರಿಯರಿಗೆ ಎಲ್ಲರಿಗೂ ಒಗ್ಗುವುದಿಲ್ಲ, ಬೆಳ್ತಿಗೆ (ಬಿಳಿ ಅಕ್ಕಿಯ) ಅನ್ನವನ್ನೂ ಮಾಡುತ್ತಾರೆಯೇ ಕೇಳಿ. ಕಿರಿಯರಿಗೆ ಮೀನು ಬೇಕು, ಅತ್ತೆಗೆ ಆ ವಾಸನೆಯೂ ಆಗದು ಎನ್ನುವ ಮನೆಗಳಲ್ಲಿ ಎರಡು ಅಡುಗೆಮನೆ ಇರುವ ಜಾಗವನ್ನೇ ಆರಿಸುವುದು, ಇಲ್ಲವಾದರೆ ಅವರ ಊಟವನ್ನು ಸಮೀಪದ ಉಡುಪಿ ಹೋಟೆಲಿನಿಂದ ತರಿಸುವುದು ನೆಮ್ಮದಿ.

ಬಾಡಿಗೆ ಲೆಕ್ಕ ಹಾಕುವಾಗ ತೆರಿಗೆಯನ್ನು ಗಮನಿಸಿ. 2025ರ ಸೆಪ್ಟೆಂಬರ್ 22ರಿಂದ ದಿನಕ್ಕೆ 7,500 ರೂಪಾಯಿವರೆಗಿನ ಕೋಣೆಗೆ ಶೇಕಡ 5, ಅದನ್ನು ಮೀರಿದರೆ ಶೇಕಡ 18 ಜಿಎಸ್‌ಟಿ ಇದೆ. ದಿನಕ್ಕೆ 6,000ದ ಮೂರು ಕೋಣೆ ಹಿಡಿದರೆ ತೆರಿಗೆ 900 ರೂಪಾಯಿ. ಅದೇ ಮೂರು ಕೋಣೆಯ ಮನೆಯನ್ನು 18,000ಕ್ಕೆ ಒಂದೇ ವಿಲ್ಲಾ ಎಂದು ಬಿಲ್ ಮಾಡಿದರೆ 3,240 ರೂಪಾಯಿ. ಹೆಚ್ಚುವರಿ ಹಾಸಿಗೆ ಎಂದರೆ ನೆಲದ ಮೇಲಿನ ಹಾಸಿಗೆಯೋ ಮಂಚವೋ ಎಂಬುದನ್ನೂ, ಯಾವ ವಯಸ್ಸಿನವರೆಗೆ ಮಕ್ಕಳಿಗೆ ಉಚಿತ ಎಂಬುದನ್ನೂ ತಿಳಿದುಕೊಳ್ಳಿ. ಹಿರಿಯರ ಆರೋಗ್ಯ ಹೇಳಿ ಕೇಳಿ ಕೆಡುವುದಿಲ್ಲವಾದ್ದರಿಂದ, ಮುಂಗಡ ಹಿಂದಿರುಗಿಸದ ಅಗ್ಗದ ದರಕ್ಕಿಂತ ಎರಡು ಮೂರು ದಿನ ಮೊದಲು ರದ್ದು ಮಾಡಬಹುದಾದ ದರವನ್ನು, ಇಲ್ಲವೇ ತಾರೀಖು ಮುಂದೂಡಲು ಒಪ್ಪುವ ಮಾಲೀಕರನ್ನು ಹುಡುಕಿ.

ತಲುಪಿದ ದಿನ ಸಾಮಾನು ಇಳಿಸುವ ಮೊದಲು ಹಿರಿಯರನ್ನು ಕರೆದುಕೊಂಡು ಕೋಣೆಗೂ ಬಚ್ಚಲಿಗೂ ಒಮ್ಮೆ ನಡೆದು ನೋಡಿ; ಹೇಳಿದ್ದಕ್ಕೂ ಇರುವುದಕ್ಕೂ ವ್ಯತ್ಯಾಸವಿದ್ದರೆ ಕೋಣೆ ಬದಲಿಸಿಕೊಡುವುದು ಆಗ ಸುಲಭ, ಪೆಟ್ಟಿಗೆ ಬಿಚ್ಚಿದ ಮೇಲೆ ಕಷ್ಟ. ಕಳೆದ ಜನವರಿಯಲ್ಲಿ ಕಾಪುವಿನ ಕಡೆ ಹೀಗೆ ನಡೆದು ನೋಡಲು ಹೊರಟ ಅಮ್ಮ ಕೋಣೆಯ ಮುಂದೆ ನಿಲ್ಲದೆ, ಸಿಮೆಂಟಿನ ದಾರಿ ಮುಗಿಯುವಲ್ಲಿ ಚಪ್ಪಲಿ ಬಿಟ್ಟು, ಸೀರೆಯ ನೆರಿಗೆಯನ್ನು ಒಂದು ಕೈಯಲ್ಲಿ ಎತ್ತಿ ಹಿಡಿದುಕೊಂಡು ಮರಳಿಗೆ ಇಳಿದುಬಿಟ್ಟರು. ನಾವು ಕಾರಿನಿಂದ ಸಾಮಾನು ಇಳಿಸುವ ಹೊತ್ತಿಗೆ ಅವರ ಪಾದ ಆಗಲೇ ಒದ್ದೆಯಾಗಿತ್ತು.